ದಣಿವು ಬೇರೆ, ಸವೆತ ಬೇರೆ

2020ರ ಫೆಬ್ರುವರಿಯಲ್ಲಿ ದಕ್ಷಿಣ ಕನ್ನಡದ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು ಕೋಣಗಳ ಹಿಂದೆ 142.5 ಮೀಟರ್ ಉದ್ದದ ಕೆಸರಿನ ಓಟದ ಹಾದಿಯನ್ನು, ಅಂದರೆ ‘ಕರೆ’ಯನ್ನು, 13.62 ಸೆಕೆಂಡಿನಲ್ಲಿ ಓಡಿ ಮುಗಿಸಿದರು. ಯಾರೋ ತ್ರೈರಾಶಿ ಹಾಕಿದರು, 100 ಮೀಟರಿಗೆ 9.55 ಸೆಕೆಂಡ್ ಬಂತು. ಉಸೇನ್ ಬೋಲ್ಟ್ 2009ರಲ್ಲಿ ಬರ್ಲಿನ್‌ನಲ್ಲಿ ಬರೆದ ವಿಶ್ವದಾಖಲೆ 9.58. ಸುದ್ದಿ ದೇಶವಿಡೀ ಹಬ್ಬಿತು. ಕೇಂದ್ರ ಕ್ರೀಡಾ ಸಚಿವರು ಅವರನ್ನು ಕ್ರೀಡಾ ಪ್ರಾಧಿಕಾರದ ಟ್ರಯಲ್ಸ್‌ಗೆ ಕರೆಸುವುದಾಗಿ ಹೇಳಿದರು. ಗೌಡರು ಹೋಗಲಿಲ್ಲ. ಕಂಬಳದಲ್ಲಿ ಹಿಮ್ಮಡಿಯ ಕೆಲಸ ಹೆಚ್ಚು, ಟ್ರ್ಯಾಕ್‌ನಲ್ಲಿ ಕಾಲ್ಬೆರಳಿನ ಕೆಲಸ ಹೆಚ್ಚು, ಅಲ್ಲದೆ ಕಂಬಳದ ವೇಗದಲ್ಲಿ ಕೋಣಗಳ ಪಾಲೂ ಇದೆ ಎಂದು ಅವರು ಹೇಳಿದರು. ಆ ವಾರ ಆ ವಿಷಯದಲ್ಲಿ ಬಂದ ಮಾತುಗಳಲ್ಲೆಲ್ಲ ನನಗೆ ಅತ್ಯಂತ ವೈಜ್ಞಾನಿಕವಾಗಿ ಕಂಡದ್ದು ಇದೇ.

ತ್ರೈರಾಶಿ ಯಾಕೆ ಸಲ್ಲದು ಎಂಬುದನ್ನು ಸ್ವಲ್ಪ ಬಿಡಿಸಿ ನೋಡಬೇಕು. ಬರ್ಲಿನ್‌ನಲ್ಲಿ ಬೋಲ್ಟ್‌ಗೆ ಮೊದಲ 10 ಮೀಟರಿಗೇ 1.89 ಸೆಕೆಂಡ್ ಹಿಡಿಯಿತು. ಮುಂದೆ 60ರಿಂದ 80 ಮೀಟರಿನವರೆಗಿನ ಇಪ್ಪತ್ತು ಮೀಟರನ್ನು ಅವರು ಬರೀ 1.61 ಸೆಕೆಂಡಿನಲ್ಲಿ ದಾಟಿದರು. ನಿಂತಲ್ಲಿಂದ ವೇಗ ಹಿಡಿಯುವುದಕ್ಕೆ ತಗಲುವ ಹೊತ್ತು ಓಟ ಉದ್ದವಾದಷ್ಟೂ ಹಂಚಿಹೋಗುತ್ತದೆ. ಹಾಗಾಗಿ ಗೌಡರ ಓಟಕ್ಕೆ ಸರಿಯಾದ ಜೊತೆ ಬರ್ಲಿನ್‌ನದಲ್ಲ, ಅದೇ ವರ್ಷ ಮೇ ತಿಂಗಳಲ್ಲಿ ಮ್ಯಾಂಚೆಸ್ಟರಿನ ಬೀದಿಯಲ್ಲಿ ಹಾಸಿದ ನೇರ ಟ್ರ್ಯಾಕಿನ ಮೇಲೆ ಬೋಲ್ಟ್ ಓಡಿದ 150 ಮೀಟರ್. ಅದಕ್ಕೆ 14.35 ಸೆಕೆಂಡ್. ಭಾಗಿಸಿ ನೋಡಿದರೆ ಬೋಲ್ಟ್ ಸೆಕೆಂಡಿಗೆ 10.45 ಮೀಟರ್, ಗೌಡರು 10.46. ಲೆಕ್ಕ ತಿದ್ದಿದ ಮೇಲೂ ಇಬ್ಬರೂ ಹೆಚ್ಚುಕಡಿಮೆ ಸಮ! ಆದರೂ ಒಬ್ಬರನ್ನು ಇನ್ನೊಬ್ಬರ ಜಾಗದಲ್ಲಿ ನಿಲ್ಲಿಸಲು ಬರುವುದಿಲ್ಲ. ಒಬ್ಬರು ಒಣ ನೆಲವನ್ನು ಒದ್ದು ತಮ್ಮ ಮೈಯನ್ನು ತಾವೇ ಮುಂದಕ್ಕೆ ತಳ್ಳಿಕೊಂಡರು. ಇನ್ನೊಬ್ಬರು ಕೆಸರಿನಲ್ಲಿ ಬರಿಗಾಲು ಹೂತುಹೋಗುವ ಮುನ್ನ ಎತ್ತುತ್ತ, ಮುಂದೆ ಸೆಳೆಯುತ್ತಿದ್ದ ಎರಡು ಕೋಣಗಳ ಜೊತೆ ತೋಳು, ಸೊಂಟ, ಬೆನ್ನಿನಿಂದ ಸಮತೋಲ ಕಾಯ್ದುಕೊಂಡರು. ವೇಗ ಒಂದೇ ಇರಬಹುದು, ಮೈ ತೆತ್ತ ಬೆಲೆ ಒಂದೇ ಅಲ್ಲ.

ಯಾವ ಕ್ರೀಡೆ ದೇಹವನ್ನು ಹೆಚ್ಚು ದುಡಿಸುತ್ತದೆ ಎಂಬ ಪ್ರಶ್ನೆ ಹಾಸ್ಟೆಲಿನ ಹರಟೆಯಿಂದ ಹಿಡಿದು ಕ್ರೀಡಾ ಇಲಾಖೆಯ ಅನುದಾನ ಹಂಚಿಕೆಯವರೆಗೆ ಎಲ್ಲೆಡೆ ಇದೆ. ಅದಕ್ಕೆ ಬಹಳ ಹೆಸರು ಮಾಡಿದ ಉತ್ತರವೊಂದನ್ನು 2004ರಲ್ಲಿ ಅಮೆರಿಕದ ಇಎಸ್‌ಪಿಎನ್ ಕೊಟ್ಟಿತು. ಎಂಟು ಮಂದಿ ಪರಿಣತರು ಅರವತ್ತು ಕ್ರೀಡೆಗಳಿಗೆ ಹತ್ತು ಬಾಬತ್ತುಗಳಲ್ಲಿ ಅಂಕ ಕೊಟ್ಟರು. ತಾಳಿಕೆ, ಬಲ, ವೇಗ, ಚುರುಕು, ಮೈ ಬಳುಕು, ಧೈರ್ಯ, ಪೆಟ್ಟು ತಡೆಯುವ ಗುಣ ಹೀಗೆ. ಬಾಕ್ಸಿಂಗ್ ಮೊದಲನೆಯದು, ಐಸ್ ಹಾಕಿ ಎರಡನೆಯದು, ಅಮೆರಿಕನ್ ಫುಟ್‌ಬಾಲ್ ಮೂರನೆಯದು, ಮೀನು ಹಿಡಿಯುವುದು ಕೊನೆಯದು. ಬೇಸ್‌ಬಾಲ್ ಮೊದಲ ಹತ್ತರೊಳಗಿತ್ತು. ಬ್ಯಾಡ್ಮಿಂಟನ್ ಅದಕ್ಕಿಂತ ಎಷ್ಟೋ ಕೆಳಗೆ, ಹಿಮದ ಮೇಲೆ ಹತ್ತಾರು ಕಿಲೋಮೀಟರ್ ಸಾಗುವ ನಾರ್ಡಿಕ್ ಸ್ಕೀಯಿಂಗ್ ಕೂಡ ಅದಕ್ಕಿಂತ ಕೆಳಗೆ. ಕಬಡ್ಡಿ ಪಟ್ಟಿಯಲ್ಲೇ ಇರಲಿಲ್ಲ. ಯಾವ ಆಟವನ್ನು ನೋಡುತ್ತ ಬೆಳೆದವರು ಅಂಕ ಕೊಟ್ಟರು ಎನ್ನುವುದು ಪಟ್ಟಿಯ ಮೇಲೇ ಬರೆದಂತಿದೆ. ಆದರೆ ನನ್ನ ಮುಖ್ಯ ತಕರಾರು ಪಕ್ಷಪಾತದ್ದಲ್ಲ, ಕೂಡುವ ಕ್ರಮದ್ದು. ಹತ್ತು ಬಾಬತ್ತಿನ ಅಂಕಗಳನ್ನು ಕೂಡಿದರೆ ಎಲ್ಲದರಲ್ಲೂ ಅಷ್ಟಷ್ಟು ಬೇಡುವ ಆಟ ಮೇಲೆ ಬರುತ್ತದೆ, ಒಂದನ್ನೇ ಕೊನೆಯ ಹನಿಯವರೆಗೆ ಹಿಂಡುವ ಆಟ ಕೆಳಗೆ ಹೋಗುತ್ತದೆ.

ದೇಹ ಎಲ್ಲವನ್ನೂ ಒಟ್ಟಿಗೆ ಕೊಡುವುದಿಲ್ಲ. ಡೆಕಾಥ್ಲಾನ್ ನೋಡಿ. ಎರಡು ದಿನ, ಹತ್ತು ಸ್ಪರ್ಧೆ. ಫ್ರಾನ್ಸಿನ ಕೆವಿನ್ ಮಾಯೆರ್ 2018ರಲ್ಲಿ 9126 ಅಂಕಗಳ ವಿಶ್ವದಾಖಲೆ ಮಾಡಿದಾಗ 100 ಮೀಟರನ್ನು 10.55 ಸೆಕೆಂಡಿನಲ್ಲಿ ಓಡಿದ್ದರು, ಕೊನೆಯ 1500 ಮೀಟರಿಗೆ 4 ನಿಮಿಷ 36 ಸೆಕೆಂಡ್ ತೆಗೆದುಕೊಂಡರು. 1500ರ ವಿಶ್ವದಾಖಲೆ 3 ನಿಮಿಷ 26 ಸೆಕೆಂಡ್. ಜಗತ್ತಿನ ಅತ್ಯಂತ ಸರ್ವಾಂಗಪಟು ಎನಿಸಿಕೊಂಡವರು ಒಂದು ಓಟದಲ್ಲಿ ಅದರ ದಾಖಲೆಗಿಂತ ಒಂದು ನಿಮಿಷಕ್ಕೂ ಹೆಚ್ಚು ಹಿಂದೆ. ಅದು ಅವರ ಕೊರತೆಯಲ್ಲ. ಗುಂಡು ಎಸೆಯುವ ಭುಜವನ್ನು ಹೊತ್ತುಕೊಂಡು ಯಾರೂ ಹಾಗೆ ಓಡಲಾರರು.

ಹಾಗಾದರೆ ಅಳೆಯಲು ಬರುವ ಒಂದೊಂದೇ ಅಂಶ ಹಿಡಿದು ಹೋಲಿಸಿದರೆ ಹೇಗೆ? ಉಸಿರಿನಿಂದ ಶುರುಮಾಡೋಣ. ದೇಹ ಒಂದು ನಿಮಿಷಕ್ಕೆ ಕಿಲೋ ತೂಕಕ್ಕೆ ಎಷ್ಟು ಮಿಲಿಲೀಟರ್ ಆಮ್ಲಜನಕ ಬಳಸಬಲ್ಲದು ಎಂಬ ಅಳತೆ ಇದೆ. ಅಭ್ಯಾಸವಿಲ್ಲದ ಆರೋಗ್ಯವಂತ ಯುವಕನಲ್ಲಿ ಅದು 40–45ರ ಆಸುಪಾಸು. ನಾರ್ವೆಯ ಸ್ಕೀಯಿಂಗ್ ದಿಗ್ಗಜ ಬ್ಯೋರ್ನ್ ಡೇಲಿ ಅವರದು 96 ಎಂದು ದಾಖಲಾಗಿದೆ. ಸ್ಕೀಯಿಂಗ್‌ನಲ್ಲಿ ಕಾಲು ಕೈ ಎರಡೂ ದುಡಿಯುತ್ತವೆ, ದುಡಿಯುವ ಸ್ನಾಯು ಹೆಚ್ಚಿದಷ್ಟೂ ಹೃದಯದ ಮೇಲಿನ ಬೇಡಿಕೆ ಹೆಚ್ಚು. ಈ ಅಳತೆಗೋಲಿನಲ್ಲಿ ಇಎಸ್‌ಪಿಎನ್ ಪಟ್ಟಿ ತಲೆಕೆಳಗಾಗುತ್ತದೆ.

ಶಕ್ತಿ ವ್ಯಯದ ಲೆಕ್ಕ ಇನ್ನೂ ಕುತೂಹಲದ್ದು. ಮೂರು ವಾರ, 21 ಹಂತ, ಮೂರು ಸಾವಿರಕ್ಕೂ ಹೆಚ್ಚು ಕಿಲೋಮೀಟರಿನ ಟೂರ್ ಡಿ ಫ್ರಾನ್ಸ್‌ನ ಸೈಕಲ್ ಸವಾರರು, ದೇಹ ಸುಮ್ಮನೆ ಬದುಕಿರಲು ಖರ್ಚು ಮಾಡುವ ಶಕ್ತಿಯ ನಾಲ್ಕೈದು ಪಟ್ಟನ್ನು ದಿನವೂ ಸುಡುತ್ತಾರೆ. ಆದರೆ ಇದು ವಾರಗಟ್ಟಲೆ ಮಾತ್ರ ಸಾಧ್ಯ. ಅಮೆರಿಕವನ್ನು ಅಡ್ಡಹಾಯ್ದು ವಾರಕ್ಕೆ ಆರು ಮ್ಯಾರಥಾನ್‌ನಂತೆ ತಿಂಗಳುಗಟ್ಟಲೆ ಓಡಿದವರನ್ನು ಅಳೆದು 2019ರಲ್ಲಿ ಪ್ರಕಟವಾದ ಒಂದು ಅಧ್ಯಯನ, ದೀರ್ಘಕಾಲಕ್ಕೆ ಮನುಷ್ಯ ಸುಮಾರು ಎರಡೂವರೆ ಪಟ್ಟಿಗಿಂತ ಹೆಚ್ಚು ಖರ್ಚನ್ನು ತಾಳಿಕೊಳ್ಳಲಾರ ಎಂಬ ತೀರ್ಮಾನಕ್ಕೆ ಬಂತು. ಅದಕ್ಕಿಂತ ಹೆಚ್ಚು ಸುಟ್ಟರೆ ಉಂಡ ಅನ್ನದಿಂದ ಅದು ತುಂಬುವುದಿಲ್ಲ, ಮೈ ತನ್ನನ್ನೇ ತಿನ್ನತೊಡಗುತ್ತದೆ. ಅದೇ ಅಧ್ಯಯನ ಗರ್ಭಿಣಿಯ ದೇಹದ ಖರ್ಚನ್ನು ಸುಮಾರು 2.2 ಪಟ್ಟು ಎಂದು ಹೇಳಿತು. ಒಂಬತ್ತು ತಿಂಗಳು, ಮನುಷ್ಯ ದೇಹದ ಗರಿಷ್ಠ ಮಿತಿಯ ಹತ್ತಿರ. ಆ ಸ್ಥಿತಿಯಲ್ಲೇ ಗದ್ದೆಯಲ್ಲಿ ಬಗ್ಗಿ ನಾಟಿ ಮಾಡುವ, ಇಟ್ಟಿಗೆ ಹೊರುವ ಹೆಂಗಸರನ್ನು ನೋಡುತ್ತ ಬೆಳೆದ ನಾವು ತಾಳಿಕೆಯ ಮಾತಾಡುವಾಗ ಪದಕ ಗೆದ್ದವರನ್ನು ಮಾತ್ರ ನೆನೆಯುತ್ತೇವೆ.

ಇಲ್ಲೇ ಒಂದು ಸುಳ್ಳು ಲೆಕ್ಕವನ್ನೂ ತಳ್ಳಿಹಾಕಿಬಿಡಬೇಕು. ದೊಡ್ಡ ಪಂದ್ಯಾವಳಿಯಲ್ಲಿ ಚೆಸ್ ಆಟಗಾರರು ದಿನಕ್ಕೆ 6000 ಕ್ಯಾಲೊರಿ ಸುಡುತ್ತಾರೆ ಎಂಬ ಮಾತು ಅಂತರ್ಜಾಲದಲ್ಲಿ ಓಡಾಡುತ್ತಿದೆ. ಮಿದುಳು ದೇಹದ ವಿಶ್ರಾಂತಿ ಖರ್ಚಿನ ಐದನೇ ಒಂದು ಭಾಗವನ್ನು ಬಳಸುತ್ತದೆ ನಿಜ, ಆದರೆ ಗಾಢವಾಗಿ ಯೋಚಿಸಿದ ಮಾತ್ರಕ್ಕೆ ಆ ಖರ್ಚು ಹತ್ತಾರು ಪಟ್ಟು ಏರುವುದಿಲ್ಲ. 1984–85ರಲ್ಲಿ ಐದು ತಿಂಗಳು, 48 ಆಟಗಳ ಬಳಿಕ ನಿಲ್ಲಿಸಿಬಿಟ್ಟ ಕಾರ್ಪೊವ್–ಕಾಸ್ಪರೊವ್ ಪಂದ್ಯದಲ್ಲಿ ಕಾರ್ಪೊವ್ ಸೊರಗಿಹೋದದ್ದು ಒತ್ತಡದಿಂದ, ನಿದ್ದೆಗೆಟ್ಟು, ಊಟ ಸೇರದೆ ಇರಬಹುದು. ಆ ಬಳಲಿಕೆಗೆ ಗೌರವ ಕೊಡಲು ಸೈಕಲ್ ಸವಾರನ ಅಂಕಿಯನ್ನು ಕಡ ತರಬೇಕಿಲ್ಲ.

ಉಸಿರು, ಕ್ಯಾಲೊರಿಗಳ ದೊಡ್ಡ ತೊಡಕೆಂದರೆ ಅವು ಸರಾಸರಿಯ ಭಾಷೆಯಲ್ಲಿ ಮಾತಾಡುತ್ತವೆ. ಆಟ ಸರಾಸರಿಯಲ್ಲಿ ನಡೆಯುವುದಿಲ್ಲ. ಕಬಡ್ಡಿಯ ರೈಡರ್ 30 ಸೆಕೆಂಡಿನೊಳಗೆ, ಒಂದೇ ಉಸಿರಿನಲ್ಲಿ ‘ಕಬಡ್ಡಿ ಕಬಡ್ಡಿ’ ಎನ್ನುತ್ತ ಎದುರಾಳಿಯ ಅಂಗಳದಲ್ಲಿ ಕಾಲಾಡಿಸಿ ಬರಬೇಕು. ಮಾತು ಹೊರಗೆ ಬರುತ್ತಿರುವವರೆಗೆ ಗಾಳಿ ಒಳಗೆ ಹೋಗುವುದಿಲ್ಲ. ಅಂದರೆ ಮೈ ಅತಿ ಹೆಚ್ಚು ಆಮ್ಲಜನಕ ಕೇಳುವ ಗಳಿಗೆಯಲ್ಲೇ ನಿಯಮ ಅದನ್ನು ತಡೆಹಿಡಿಯುತ್ತದೆ. ಇಂಥ ನಿಯಮ ಬೇರೆ ಯಾವ ದೊಡ್ಡ ಮೈದಾನದ ಆಟದಲ್ಲಿದೆ? ಪ್ರಮುಖ ರೈಡರ್ 40 ನಿಮಿಷದ ಪಂದ್ಯದಲ್ಲಿ ಹದಿನೈದು, ಇಪ್ಪತ್ತು ಬಾರಿ ಹೀಗೆ ಹೋಗಿ ಬರುತ್ತಾನೆ. ನಡುವೆ ನಿಂತು ಚೈನ್ ಕಟ್ಟುವಾಗಿನ ಬಿಡುವನ್ನೂ ಸೇರಿಸಿ ಸರಾಸರಿ ತೆಗೆದರೆ ಅವನ ದುಡಿಮೆ ಸಾಧಾರಣವಾಗಿ ಕಾಣುತ್ತದೆ.

ಬ್ಯಾಡ್ಮಿಂಟನ್‌ನದೂ ಅದೇ ಕಥೆ. 2017ರ ವಿಶ್ವ ಚಾಂಪಿಯನ್‌ಷಿಪ್ ಫೈನಲ್‌ನಲ್ಲಿ, ಗ್ಲಾಸ್ಗೋದಲ್ಲಿ, ಪಿ.ವಿ. ಸಿಂಧು ಮತ್ತು ಜಪಾನಿನ ನೊಜೊಮಿ ಒಕುಹಾರ 110 ನಿಮಿಷ ಆಡಿದರು. ಎರಡನೇ ಗೇಮಿನ ಕೊನೆಯ ಅಂಕಕ್ಕೆ 73 ಹೊಡೆತಗಳ ರ್‍ಯಾಲಿ ನಡೆಯಿತು. ನೆಟ್ಟಿನಿಂದ ಹಿಂದಿನ ಗೆರೆಗೆ, ಅಲ್ಲಿಂದ ಮೂಲೆಗೆ, ಪ್ರತಿ ಹೊಡೆತಕ್ಕೂ ಒಂದು ದಾಪು, ಒಂದು ತಡೆ, ಒಂದು ಹೊರಳು. ಗೇಮ್ ಗೆದ್ದ ಸಿಂಧು ಅಲ್ಲೇ ನೆಲಕ್ಕೆ ಬಾಗಿದರು. ಮುಂದಿನ ಗೇಮನ್ನು ಇಬ್ಬರೂ 20–20ರವರೆಗೆ ಒಯ್ದರು. ಇದನ್ನು ಕಂಡವರಾರೂ ಬ್ಯಾಡ್ಮಿಂಟನ್ ಮೇಲೆ ಬೇಸ್‌ಬಾಲನ್ನು ಇಡಲಾರರು.

ಸರಾಸರಿ ಅತಿ ಹೆಚ್ಚು ಅನ್ಯಾಯ ಮಾಡುವುದು ವೇಗದ ಬೌಲರ್‌ಗೆ. ಸುಮ್ಮನೆ ಕುಳಿತಾಗಿನ ಶಕ್ತಿ ವ್ಯಯವನ್ನು 1 ಎಂದಿಟ್ಟುಕೊಂಡು ಬೇರೆ ಬೇರೆ ಚಟುವಟಿಕೆಗಳಿಗೆ ಅಂಕಿ ಕೊಡುವ ಕೋಷ್ಟಕಗಳಲ್ಲಿ ಕ್ರಿಕೆಟ್‌ಗೆ ಸಿಗುವುದು ಸುಮಾರು 5. ಚುರುಕು ನಡಿಗೆಗೂ ಅಷ್ಟೇ. ರಿಂಗಿನೊಳಗಿನ ಬಾಕ್ಸಿಂಗ್‌ಗೆ ಹನ್ನೆರಡಕ್ಕೂ ಮೇಲೆ. ಕ್ರಿಕೆಟ್ ಸೋಮಾರಿಗಳ ಆಟ ಎನ್ನುವವರಿಗೆ ಇಷ್ಟು ಸಾಕು. ಆದರೆ ಬೌಲರ್‌ನ ಒಂದು ಎಸೆತವನ್ನು ಹತ್ತಿರದಿಂದ ನೋಡಿ. ಇಪ್ಪತ್ತು ಮೀಟರ್ ಓಡಿ ಬಂದು, ಜಿಗಿದು, ಮುಂಗಾಲನ್ನು ನೇರವಾಗಿ ಕ್ರೀಸ್ ಮೇಲೆ ಊರಿದ ಕ್ಷಣದಲ್ಲಿ ನೆಲ ತಿರುಗಿ ಕೊಡುವ ಹೊಡೆತ ಅವನ ಮೈತೂಕದ ಐದರಿಂದ ಎಂಟು ಪಟ್ಟು. ಅದೇ ಕ್ಷಣದಲ್ಲಿ ಅವನ ನಡು ಹಿಂದಕ್ಕೆ ಬಾಗಿರುತ್ತದೆ, ಪಕ್ಕಕ್ಕೆ ವಾಲಿರುತ್ತದೆ, ತಿರುಚಿಕೊಳ್ಳುತ್ತಲೂ ಇರುತ್ತದೆ. ಈ ಮೂರೂ ಸೇರಿ ಬೀಳುವುದು ಬೆನ್ನೆಲುಬಿನ ಕೆಳಭಾಗದ ಒಂದು ತೆಳು ಮೂಳೆಸೇತುವೆಯ ಮೇಲೆ. ಬಲಗೈ ಬೌಲರಾದರೆ ಹೆಚ್ಚಾಗಿ ಎಡಬದಿಯಲ್ಲಿ. ಟೆಸ್ಟ್ ಪಂದ್ಯದಲ್ಲಿ ದಿನಕ್ಕೆ 20 ಓವರ್ ಹಾಕಿದರೆ 120 ಸಲ.

ಆ ಸೇತುವೆಯಲ್ಲಿ ಕೂದಲೆಳೆಯ ಬಿರುಕು ಬಿಟ್ಟರೆ ತಿಂಗಳುಗಟ್ಟಲೆ ಮನೆ. ಜಸ್‌ಪ್ರೀತ್ ಬುಮ್ರಾ ಅವರಿಗೆ 2019ರಲ್ಲಿ ಬೆನ್ನಿನ ಬಿರುಕು ಕಾಣಿಸಿತು. 2022ರಲ್ಲಿ ಮತ್ತೆ ಬೆನ್ನು ಕೈಕೊಟ್ಟು, 2023ರ ಮಾರ್ಚ್‌ನಲ್ಲಿ ನ್ಯೂಜಿಲೆಂಡಿನಲ್ಲಿ ಶಸ್ತ್ರಚಿಕಿತ್ಸೆಯಾಯಿತು. ನಮ್ಮ ಕರ್ನಾಟಕದ ವೇಗಿ ಪ್ರಸಿದ್ಧ್ ಕೃಷ್ಣ ಅವರನ್ನೂ ಇಂಥದೇ ಬಿರುಕು 2022ರಿಂದ ಕೂರಿಸಿತ್ತು. 2023ರ ಆಗಸ್ಟ್‌ನಲ್ಲಿ ಐರ್ಲೆಂಡ್ ಪ್ರವಾಸದಲ್ಲಿ ಇಬ್ಬರೂ ಒಟ್ಟಿಗೆ ಮರಳಿದರು. ಮ್ಯಾರಥಾನ್ ಓಟಗಾರ ಓಡಿ ಬಂದ ರಾತ್ರಿ ಮೆಟ್ಟಿಲು ಇಳಿಯಲಾರ. ಆದರೆ ಅವನ ಸ್ನಾಯು ವಾರಗಳಲ್ಲಿ ಕೂಡಿಕೊಳ್ಳುತ್ತದೆ. ಬೌಲರ್ ಸಂಜೆ ನಗುತ್ತಲೇ ಊಟಕ್ಕೆ ಕೂತಿರುತ್ತಾನೆ, ಬಿರುಕು ಮಾತ್ರ ಒಳಗೆ ಬೆಳೆಯುತ್ತಿರುತ್ತದೆ.

ನಾನು ಒತ್ತಿ ಹೇಳಬೇಕೆಂದಿರುವುದು ಇದನ್ನೇ. ಕ್ರೀಡೆಗಳನ್ನು ಹೋಲಿಸಲೇಬೇಕೆಂದಿದ್ದರೆ ಎಷ್ಟು ಬೆವರು ಹರಿಯಿತು ಎಂದು ನೋಡಬಾರದು; ತೆತ್ತದ್ದು ಮರಳಿ ತುಂಬಲು ಎಷ್ಟು ದಿನ ಬೇಕು ಎಂದು ನೋಡಬೇಕು. ಉಸಿರು ನಿಮಿಷಗಳಲ್ಲಿ ಮರಳುತ್ತದೆ. ಸ್ನಾಯುವಿನ ಸಕ್ಕರೆ ಒಂದೆರಡು ದಿನಗಳಲ್ಲಿ ತುಂಬುತ್ತದೆ. ಮೂಳೆಗೆ, ಮೊಣಕಾಲಿನ ಅಸ್ಥಿಬಂಧಕ್ಕೆ ತಿಂಗಳುಗಳು ಬೇಕು, ಕೆಲವೊಮ್ಮೆ ವರ್ಷ. ಮಿದುಳಿನಲ್ಲಿ ಹೋದದ್ದು ಹೋದಂತೆಯೇ. ಹೀಗೆ ನೋಡಿದರೂ ಬಾಕ್ಸಿಂಗ್ ಮೇಲೇ ಬರುತ್ತದೆ, ಆದರೆ ಇಎಸ್‌ಪಿಎನ್ ಹೇಳಿದ ಕಾರಣಕ್ಕಲ್ಲ. 1982ರ ನವೆಂಬರ್‌ನಲ್ಲಿ ರೇ ಮ್ಯಾನ್ಸಿನಿ ಎದುರು ಹದಿನಾಲ್ಕನೇ ಸುತ್ತಿನಲ್ಲಿ ಬಿದ್ದ ಕೊರಿಯಾದ ಕಿಮ್ ಡುಕ್ ಕೂ ಕೆಲವೇ ದಿನಗಳಲ್ಲಿ ತೀರಿಕೊಂಡರು. ಆಮೇಲೆ ವಿಶ್ವ ಬಾಕ್ಸಿಂಗ್ ಕೌನ್ಸಿಲ್ ಪಟ್ಟದ ಪಂದ್ಯಗಳನ್ನು 15 ಸುತ್ತಿನಿಂದ 12ಕ್ಕೆ ಇಳಿಸಿತು. ಅಂಥ ಸಾವು ದೂರದ್ದೇನಲ್ಲ. 2022ರ ಜುಲೈನಲ್ಲಿ ಬೆಂಗಳೂರಿನ ಕಿಕ್‌ಬಾಕ್ಸಿಂಗ್ ಸ್ಪರ್ಧೆಯೊಂದರಲ್ಲಿ ತಲೆಗೆ ಪೆಟ್ಟು ತಿಂದ ಮೈಸೂರಿನ ಯುವಕ ಮೇಲೇಳಲಿಲ್ಲ.

ಕುಸ್ತಿಯಲ್ಲಿ ಅತಿ ಕಠಿಣ ದುಡಿಮೆ ಅಖಾಡದ ಹೊರಗೇ ನಡೆಯುತ್ತದೆ. ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 2024ರ ಆಗಸ್ಟ್ 6ರಂದು ವಿನೇಶ್ ಫೋಗಟ್ ಒಂದೇ ದಿನ ಮೂರು ಕುಸ್ತಿ ಗೆದ್ದು ಫೈನಲ್ ತಲುಪಿದರು. ಆ ರಾತ್ರಿಯಿಡೀ ಓಡಿದರು, ಬಿಸಿ ಹಬೆಯಲ್ಲಿ ಕುಳಿತರು, ಕೂದಲು ಕತ್ತರಿಸಿದರು. ಬೆಳಿಗ್ಗೆ ತಕ್ಕಡಿ 50 ಕಿಲೋ ಮಿತಿಯ ಮೇಲೆ 100 ಗ್ರಾಂ ತೋರಿಸಿತು. ಆರು ನಿಮಿಷದ ಪಂದ್ಯದ ದೈಹಿಕ ಬೇಡಿಕೆಯನ್ನು ಯಾವ ಪ್ರಯೋಗಾಲಯ ಅಳೆದರೂ ಈ ರಾತ್ರಿ ಅದರಲ್ಲಿ ಸಿಗುವುದಿಲ್ಲ. 1997ರ ಕೊನೆಯಲ್ಲಿ ಅಮೆರಿಕದ ಮೂವರು ಕಾಲೇಜು ಕುಸ್ತಿಪಟುಗಳು ಹೀಗೆ ಮೈಯ ನೀರು ಹಿಂಗಿಸಿಕೊಳ್ಳುತ್ತ ಕೆಲವೇ ವಾರಗಳ ಅಂತರದಲ್ಲಿ ಸತ್ತರು. ಅಲ್ಲಿನ ಕಾಲೇಜು ಕ್ರೀಡಾ ಸಂಸ್ಥೆ ಹಬೆಕೋಣೆ, ರಬ್ಬರ್ ಉಡುಪುಗಳನ್ನು ನಿಷೇಧಿಸಿ, ತೂಕ ನೋಡುವ ಹೊತ್ತನ್ನು ಪಂದ್ಯದ ಹತ್ತಿರಕ್ಕೆ ತಂದಿತು. ಮೈಸೂರು ದಸರಾ ಕುಸ್ತಿಗೆ ಇಂದಿಗೂ ಪೈಲ್ವಾನರನ್ನು ಎದುರುಬದುರು ನಿಲ್ಲಿಸಿ ಜೋಡಿ ಕಟ್ಟುವ ಪದ್ಧತಿಯಿದೆ. ಗ್ರಾಂ ಲೆಕ್ಕದ ನಿಖರತೆ ಅದರಲ್ಲಿಲ್ಲ, ಆದರೆ ಗ್ರಾಂಗಾಗಿ ಯಾರೂ ರಾತ್ರಿಯಿಡೀ ನೀರು ಬಿಡಬೇಕಾಗಿಲ್ಲ.

ಈ ಉದಾಹರಣೆಗಳಿಂದ ಇನ್ನೊಂದು ಮಾತೂ ಹೊರಡುತ್ತದೆ. ಬೇಡಿಕೆ ಆಟದ ಹೆಸರಿನಲ್ಲಿ ಇಲ್ಲ, ನಿಯಮದಲ್ಲಿ ಮತ್ತು ನೆಲದಲ್ಲಿದೆ. ಹಾಕಿಯಷ್ಟು ಚೆನ್ನಾಗಿ ಇದನ್ನು ತೋರುವ ಆಟ ಇನ್ನೊಂದಿಲ್ಲ. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಮೊದಲ ಬಾರಿಗೆ ಕೃತಕ ಹಾಸಿನ ಮೇಲೆ ಹಾಕಿ ನಡೆಯಿತು, ಭಾರತ ಏಳನೇ ಸ್ಥಾನಕ್ಕೆ ಇಳಿಯಿತು. ಹುಲ್ಲಿನ ಉಬ್ಬುತಗ್ಗಿನಲ್ಲಿ ಚೆಂಡನ್ನು ಕೋಲಿಗೆ ಅಂಟಿಸಿಕೊಂಡು ಸಾಗುವ ಮಣಿಕಟ್ಟಿನ ಕಲೆಗಿಂತ, ನಯವಾದ ಹಾಸಿನ ಮೇಲೆ ಓಡಿ ಓಡಿ ಚೆಂಡನ್ನು ಮುಟ್ಟುವ ಶ್ವಾಸಕೋಶ ಮುಖ್ಯವಾಯಿತು. ಆಫ್‌ಸೈಡ್ ನಿಯಮ ಹೋಯಿತು, ಆಟಗಾರರನ್ನು ಎಷ್ಟು ಸಲ ಬೇಕಾದರೂ ಬದಲಿಸುವ ಅವಕಾಶ ಬಂತು, 35 ನಿಮಿಷಗಳ ಎರಡು ಅವಧಿಯ ಬದಲು 15 ನಿಮಿಷಗಳ ನಾಲ್ಕು ಅವಧಿ ಬಂದವು. ಈಗಿನ ಆಟಗಾರ ಕೆಲವು ನಿಮಿಷ ಜೀವ ಬಿಟ್ಟು ಓಡುತ್ತಾನೆ, ಬೆಂಚಿಗೆ ಬರುತ್ತಾನೆ, ಮತ್ತೆ ಓಡುತ್ತಾನೆ. ಅದೇ ಹೊತ್ತಿಗೆ ಕೊಡಗಿನಲ್ಲಿ, 1997ರಲ್ಲಿ ಪಾಂಡಂಡ ಕುಟ್ಟಪ್ಪ ಅವರು ಕರಡದಲ್ಲಿ ಶುರುಮಾಡಿದ ಕೌಟುಂಬಿಕ ಹಾಕಿ ಹಬ್ಬದಲ್ಲಿ, ಹದಿಹರೆಯದ ಹುಡುಗರು, ನರೆತ ತಲೆಯ ಹಿರಿಯರು, ಹೆಣ್ಣುಮಕ್ಕಳು ಒಂದೇ ತಂಡದಲ್ಲಿ ಆಡುತ್ತಾರೆ. ಎರಡೂ ಹಾಕಿಯೇ. ಇವೆರಡಕ್ಕೂ ಸೇರಿಸಿ ಒಂದು ಅಂಕಿ ಕೊಡುವುದು ಹೇಗೆ?

ಕಬಡ್ಡಿಯೂ ಮಣ್ಣಿನಿಂದ ಮ್ಯಾಟ್‌ಗೆ ಬಂದಿದೆ. ಮಣ್ಣಿನಲ್ಲಿ ಕಾಲು ಸ್ವಲ್ಪ ಜಾರಿ ಹೊಡೆತವನ್ನು ಬಿಟ್ಟುಕೊಡುತ್ತದೆ, ಚರ್ಮ ಸುಲಿಯುತ್ತದೆ. ಮ್ಯಾಟ್ ಮೇಲೆ ಚರ್ಮ ಉಳಿಯುತ್ತದೆ, ಆದರೆ ಶೂ ಕಚ್ಚಿ ಹಿಡಿಯುತ್ತದೆ. ರೈಡರ್ ತಿರುಗುವ ಗಳಿಗೆಯಲ್ಲಿ ಎದುರಾಳಿ ಪಾದ ಹಿಡಿದರೆ ಪಾದ ನಿಲ್ಲುತ್ತದೆ, ಸೊಂಟ ತಿರುಗುತ್ತದೆ, ನಡುವೆ ಸಿಕ್ಕ ಮೊಣಕಾಲು ತಿರುಚಿಕೊಳ್ಳುತ್ತದೆ. ಮೊಣಕಾಲಿನೊಳಗಿನ ಎಸಿಎಲ್ ಎಂಬ ಅಸ್ಥಿಬಂಧ ಹರಿಯುವ ಅಪಾಯ ಇಂಥ ತಿರುವಿನ ಆಟಗಳಲ್ಲಿ ಹೆಣ್ಣುಮಕ್ಕಳಿಗೆ ಗಂಡುಮಕ್ಕಳಿಗಿಂತ ಕನಿಷ್ಠ ಎರಡು ಪಟ್ಟು ಎಂದು ಬೇರೆ ಬೇರೆ ಕ್ರೀಡೆಗಳ ಅಧ್ಯಯನಗಳು ಹೇಳುತ್ತ ಬಂದಿವೆ. ಕಾಲಿನ ಸ್ನಾಯುವನ್ನು ಬಲಪಡಿಸುವ, ಜಿಗಿದು ಇಳಿಯುವ ಕ್ರಮ ಕಲಿಸುವ ಹದಿನೈದಿಪ್ಪತ್ತು ನಿಮಿಷದ ಅಭ್ಯಾಸದಿಂದ ಅದನ್ನು ಗಣನೀಯವಾಗಿ ತಗ್ಗಿಸಬಹುದೆಂಬುದೂ ಗೊತ್ತಿರುವ ಸಂಗತಿ. ಹೈಸ್ಕೂಲು ಹುಡುಗಿಯರ ಕಬಡ್ಡಿ ತಂಡಕ್ಕೆ ಎಷ್ಟು ಕಡೆ ಇದನ್ನು ಕಲಿಸುತ್ತಾರೆ?

ಹೋಲಿಕೆಯ ಪ್ರಶ್ನೆ ನನಗೆ ಮುಖ್ಯವಾಗುವುದು ಇಲ್ಲಿ. ಶೂಟಿಂಗ್‌ನಲ್ಲಿ ಬೆವರೇ ಇಲ್ಲ ಎನ್ನುವವರು, ಐದು ಕಿಲೋ ಆಸುಪಾಸಿನ ರೈಫಲನ್ನು ಹೊತ್ತು ಬೆನ್ನನ್ನು ಹಿಂದಕ್ಕೆ ಬಾಗಿಸಿ 75 ನಿಮಿಷದಲ್ಲಿ 60 ಗುಂಡು ಹಾರಿಸುವ ಹುಡುಗಿಯ ನಡುನೋವಿಗೆ ಫಿಸಿಯೊ ಯಾಕೆ ಎಂದು ಕೇಳುತ್ತಾರೆ. ಹತ್ತು ಮೀಟರ್ ದೂರದಲ್ಲಿ ಅವಳ ಗುರಿ ಅರ್ಧ ಮಿಲಿಮೀಟರಿನ ಚುಕ್ಕೆ, ಎದೆಬಡಿತ ಕೂಡ ಅದನ್ನು ಕದಲಿಸಬಲ್ಲದು. ಕ್ರಿಕೆಟ್ ಹಗುರ ಎನ್ನುವವರು ಹದಿನಾಲ್ಕರ ಹುಡುಗನಿಂದ ಬೆಳಿಗ್ಗೆ ಶಾಲೆಗೆ, ಮಧ್ಯಾಹ್ನ ಕ್ಲಬ್‌ಗೆ, ಸಂಜೆ ನೆಟ್ಸ್‌ನಲ್ಲಿ ಬೌಲಿಂಗ್ ಮಾಡಿಸುತ್ತಾರೆ. ಅವನ ಬೆನ್ನೆಲುಬು ಪೂರ್ತಿ ಗಟ್ಟಿಯಾಗಲು ಇನ್ನೂ ಸುಮಾರು ಹತ್ತು ವರ್ಷ ಇದೆ. ಇಂಗ್ಲೆಂಡಿನ ಕ್ರಿಕೆಟ್ ಮಂಡಳಿ ಆ ವಯಸ್ಸಿನ ವೇಗದ ಬೌಲರ್‌ಗೆ ಒಂದು ಸ್ಪೆಲ್‌ನಲ್ಲಿ 6 ಓವರ್, ದಿನಕ್ಕೆ 12 ಎಂದು ಮಿತಿ ಹಾಕಿದೆ. ಆ ಮಿತಿ ಹುಟ್ಟಿದ್ದು ಕ್ರಿಕೆಟ್ ಕಠಿಣವೋ ಸುಲಭವೋ ಎಂಬ ವಾದದಿಂದಲ್ಲ. ಯಾವ ಮೂಳೆ, ಯಾವ ವಯಸ್ಸಿನಲ್ಲಿ, ಎಷ್ಟು ಸಲ ಎಂದು ಕೇಳಿದ್ದರಿಂದ.

ನಮ್ಮ ಊರುಗಳ ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿಗಳಿಗೂ ಅದೇ ಪ್ರಶ್ನೆ ಕೇಳಬೇಕು. ಸಂಜೆ ಶುರುವಾದ ನಾಕೌಟ್ ಬೆಳಗಿನ ಜಾವದವರೆಗೆ ನಡೆಯುತ್ತದೆ. ಗೆಲ್ಲುತ್ತ ಹೋದ ತಂಡದ ಹುಡುಗರು ಒಂದೇ ರಾತ್ರಿ ನಾಲ್ಕೈದು ಪಂದ್ಯ ಆಡುತ್ತಾರೆ. ಕಾಲು ಅತಿ ಹೆಚ್ಚು ದಣಿದು, ಮೊಣಕಾಲನ್ನು ಕಾಯುವ ಸ್ನಾಯು ತಡವಾಗಿ ಸ್ಪಂದಿಸುವ ಹೊತ್ತಿಗೆ ಫೈನಲ್ ಬರುತ್ತದೆ, ಜನ ಅತಿ ಹೆಚ್ಚು ಕೂಗುವುದೂ ಆಗಲೇ. ಮೊದಲ ಸುತ್ತುಗಳನ್ನು ಶನಿವಾರ, ಸೆಮಿಫೈನಲ್ ಮತ್ತು ಫೈನಲನ್ನು ಭಾನುವಾರ ಇಟ್ಟುಕೊಳ್ಳುವುದಕ್ಕೆ, ಒಬ್ಬ ಆಟಗಾರನಿಗೆ ರಾತ್ರಿಗೆ ಎರಡೇ ಪಂದ್ಯ ಎಂದು ಕರಪತ್ರದಲ್ಲೇ ಅಚ್ಚು ಹಾಕಿಸುವುದಕ್ಕೆ, ಅಂಗಳದ ಪಕ್ಕ ಒಂದು ಆಂಬುಲೆನ್ಸ್ ನಿಲ್ಲಿಸುವುದಕ್ಕೆ ಟ್ರೋಫಿಗೂ ಧ್ವನಿವರ್ಧಕಕ್ಕೂ ಆಗುವಷ್ಟು ಖರ್ಚೂ ಆಗುವುದಿಲ್ಲ.